ಭೂಮಿಯ ಶಾಖವೂ ಶ್ರಾವಕನ ಮಿತಿಯೂ

ರಾಜಗೃಹದ ಪಂಚಪರ್ವತಗಳ ವಂದನೆಗೆ ಹೋಗಿಬಂದ ಯಾತ್ರಿಕರಿಗೆ ವೈಭಾರಗಿರಿಯ ಬುಡದಲ್ಲಿರುವ ಬಿಸಿನೀರಿನ ಕುಂಡಗಳು ನೆನಪಿರುತ್ತವೆ. ಭಗವಾನ್ ಮಹಾವೀರರ ದಿವ್ಯಧ್ವನಿಯಿಂದ ಪಾವನವಾದ ವಿಪುಲಾಚಲವು ಅಲ್ಲಿಂದ ದೂರವಿಲ್ಲ. ಸೌದೆಯಿಲ್ಲದೆ, ಒಲೆಯಿಲ್ಲದೆ ಹಗಲಿರುಳೂ ಬಿಸಿಯಾಗಿ ಹರಿಯುವ ಆ ನೀರಿನಲ್ಲಿ ಮಿಂದು, ಬೆಟ್ಟವೇರಿ ಇಳಿದ ಆಯಾಸವನ್ನು ಮರೆತವರು ಅನೇಕರು. ಯಾರೂ ಬೆಂಕಿ ಹೊತ್ತಿಸದೆ ತಾನಾಗಿ ದೊರೆತ ಈ ಶಾಖವನ್ನು ಬಳಸುವುದರಲ್ಲಿ ದೋಷವೇನಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಬುಗ್ಗೆಯ ವಿಚಾರ ಶ್ವೇತಾಂಬರ ಪರಂಪರೆಯ ಭಗವತೀ ಸೂತ್ರದಲ್ಲಿಯೇ ಬಂದಿದೆ. ಉಷ್ಣಯೋನಿಯ ಜೀವಗಳು ಅಲ್ಲಿ ಜಲರೂಪದಲ್ಲಿ ಹುಟ್ಟುತ್ತವೆ, ಅಳಿಯುತ್ತವೆ ಎಂಬುದು ಅಲ್ಲಿಯ ವಿವರಣೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಜೀವಗಳ ಒಂಬತ್ತು ಬಗೆಯ ಯೋನಿಗಳಲ್ಲಿ ಉಷ್ಣಯೋನಿಯನ್ನು ಎಣಿಸಿದೆ. ಈ ದೃಷ್ಟಿಯಿಂದ ನೋಡಿದರೆ, ಭೂಮಿಯಿಂದ ಬಿಸಿಯಾಗಿ ಬಂದ ಮಾತ್ರಕ್ಕೆ ಆ ನೀರು ನಿರ್ಜೀವವೆನ್ನಲು ಬಾರದು. ಅದನ್ನು ಬಳಸುವವನಿಗೂ ವಿವೇಕವು ಬೇಕಾಗುತ್ತದೆ.

ಇಂತಹ ಶಾಖದಿಂದ ಮನುಷ್ಯನು ಪಡೆದಿರುವ ಉಪಕಾರ ಅಲ್ಪವಲ್ಲ. 1904ರಲ್ಲಿ ಇಟಲಿಯ ಲಾರ್ದೆರೆಲ್ಲೊ ಎಂಬಲ್ಲಿ ಭೂಗರ್ಭದ ಉಗಿಯ ಬಲದಿಂದ ಐದು ವಿದ್ಯುದ್ದೀಪಗಳನ್ನು ಬೆಳಗಿಸಿದರು. ಇಂದು ಹಿಮಭೂಮಿಯಾದ ಐಸ್‌ಲ್ಯಾಂಡಿನಲ್ಲಿ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತು ಮನೆಗಳು ನೆಲದೊಳಗಿನ ಬಿಸಿನೀರಿನಿಂದಲೇ ಬೆಚ್ಚಗಿವೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವುದರಿಂದಾಗುವ ಹಿಂಸೆ ಅಷ್ಟರಮಟ್ಟಿಗೆ ತಗ್ಗಿದೆ. ಅಹಿಂಸಾಧರ್ಮಿಗಳು ಇದನ್ನು ಮೆಚ್ಚಲೇಬೇಕು. ಆದರೆ ಒಳ್ಳೆಯದೆಂಬ ಕಾರಣಕ್ಕೆ ಮಿತಿಯಿಲ್ಲದೆ ಪಡೆದರೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡ್ ದೇಶದ ರೋಟೊರುವಾ ಪಟ್ಟಣ ತೋರಿಸಿಕೊಟ್ಟಿದೆ.

ಆ ಪಟ್ಟಣದ ಅಂಚಿನಲ್ಲಿರುವ ಫಾಕರೆವಾರೆವಾ ಎಂಬಲ್ಲಿ ಮಾವೋರಿ ಜನರು ತಲೆಮಾರುಗಳಿಂದ ಬಿಸಿನೀರಿನ ಬುಗ್ಗೆಗಳ ನಡುವೆಯೇ ಮನೆ ಕಟ್ಟಿಕೊಂಡು ಬಾಳುತ್ತಿದ್ದಾರೆ. ಕುದಿಯುವ ಕೊಳದಲ್ಲಿ ಮತ್ತು ನೆಲದ ಉಗಿಯಲ್ಲಿ ಅಡುಗೆ ಬೇಯಿಸಿಕೊಳ್ಳುತ್ತಾರೆ. ಕೊಳದಿಂದ ಹೊರಬಂದ ನೀರು ತಣಿದ ಮೇಲೆ ಅದರಲ್ಲಿ ಮೀಯುತ್ತಾರೆ. ತಾನಾಗಿ ಉಕ್ಕಿ ಬಂದುದಷ್ಟನ್ನೇ ಪಡೆಯುವ ಬದುಕು ಅದು. ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣ ಬೆಳೆಯಿತು. ಮನೆಯವರೂ ವಸತಿಗೃಹದವರೂ ತಮ್ಮ ತಮ್ಮ ನಿವೇಶನದಲ್ಲಿ ಕೊಳವೆ ಬಾವಿ ಕೊರೆಸಿ ಬಿಸಿನೀರನ್ನು ಮೇಲೆತ್ತತೊಡಗಿದರು. ಶಾಖದ ಒಂದಂಶವನ್ನಷ್ಟೇ ಬಳಸಿ ಉಳಿದ ನೀರನ್ನು ಹರಿಯಬಿಡುವುದೂ ಸಾಮಾನ್ಯವಾಗಿತ್ತು. ಬಾವಿ ಅವರವರದು, ಆದರೆ ನೆಲದಡಿಯ ನೀರಿನ ಒತ್ತಡ ಎಲ್ಲರಿಗೂ ಸೇರಿದ್ದು. ಆ ಒತ್ತಡ ಕುಗ್ಗಿದಂತೆ ಫಾಕರೆವಾರೆವಾದ ಬುಗ್ಗೆಗಳು ಸೊರಗಿದವು. ಪಾಪಾಕುರಾ ಎಂಬ ಚಿಮ್ಮುಬುಗ್ಗೆ 1979ರಲ್ಲಿ ನಿಂತೇಹೋಯಿತು.

1986ರಲ್ಲಿ ಅಲ್ಲಿಯ ಸರ್ಕಾರ ಕಠಿಣ ನಿರ್ಧಾರವೊಂದನ್ನು ಕೈಗೊಂಡಿತು. ಪೊಹುಟು ಎಂಬ ದೊಡ್ಡ ಚಿಮ್ಮುಬುಗ್ಗೆಯ ಸುತ್ತಲಿನ ಒಂದೂವರೆ ಕಿಲೋಮೀಟರ್ ವ್ಯಾಪ್ತಿಯಲ್ಲಿದ್ದ ಬಾವಿಗಳನ್ನು ಮುಚ್ಚಿಸಿತು. ಉಳಿದ ಬಾವಿಗಳ ಬಳಕೆಗೆ ಶುಲ್ಕ ವಿಧಿಸಿತು. ಮನೆ ಬೆಚ್ಚಗಿಡಲು ಅದನ್ನೇ ನಂಬಿದ್ದವರಿಗೆ ಇದು ನಷ್ಟವೇ ಸರಿ. ತಮ್ಮ ನೆಲದಲ್ಲಿ ತಾವು ಬಾವಿ ತೋಡಿದ್ದು ಅಪರಾಧವೇ ಎಂದು ಅವರು ಕೇಳಿದರೆ ಸುಲಭವಾದ ಉತ್ತರವಿಲ್ಲ. ಒಬ್ಬೊಬ್ಬರೂ ಪಡೆದದ್ದು ಸ್ವಲ್ಪವೇ. ಎಲ್ಲರದೂ ಕೂಡಿ ನೆರೆಯವನ ಪಾಲನ್ನು ಬರಿದುಮಾಡಿತು. ಕಾಲಕ್ರಮದಲ್ಲಿ ಒತ್ತಡ ಮರಳಿತು, ಬುಗ್ಗೆಗಳು ಚೇತರಿಸಿಕೊಂಡವು. ಮೂವತ್ತಾರು ವರ್ಷ ಮೌನವಾಗಿದ್ದ ಪಾಪಾಕುರಾ 2015ರಲ್ಲಿ ಮತ್ತೆ ಚಿಮ್ಮಿತು.

ಎಲ್ಲೆಡೆಯೂ ಹೀಗೆ ಮರಳಿ ದೊರೆಯುವುದಿಲ್ಲ. ಅದೇ ದೇಶದ ವೈರಾಕೇ ಎಂಬಲ್ಲಿ 1958ರಲ್ಲಿ ವಿದ್ಯುತ್ ಕೇಂದ್ರ ಆರಂಭವಾಯಿತು. ಅದು ನಾಡಿಗೆ ಬೆಳಕು ನೀಡಿದ್ದು ನಿಜ. ಆದರೆ ನೆಲದೊಳಗಿಂದ ಎತ್ತಿದ ನೀರನ್ನು ಬಹುಕಾಲ ಮರಳಿಸದೆ ನದಿಗೆ ಬಿಟ್ಟರು. ಪಕ್ಕದ ಕಣಿವೆಯ ಚಿಮ್ಮುಬುಗ್ಗೆಗಳು ಬತ್ತಿದವು, ನೆಲವೂ ಕುಸಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಗೀಸರ್ಸ್ ಎಂಬ ಕ್ಷೇತ್ರದಲ್ಲಿಯೂ ಉಗಿ ಕ್ಷೀಣಿಸಿದಾಗ, ಊರುಗಳ ಬಳಸಿದ ನೀರನ್ನು ಶುದ್ಧೀಕರಿಸಿ 1997ರಿಂದ ಮತ್ತೆ ನೆಲದೊಳಕ್ಕೆ ಇಳಿಸತೊಡಗಿದರು. ಪಡೆದವನು ಮರಳಿಸಲೂಬೇಕೆಂಬ ತಿಳಿವಳಿಕೆ ಅಲ್ಲಿ ನಷ್ಟದ ಮೂಲಕ ಬಂದಿತು.

ನಮಗೆ ಅದು ವ್ರತದ ಮೂಲಕವೇ ಬಂದಿದೆ. ಮಹಾವ್ರತಿಗಳಾದ ಮುನಿಗಳಂತೆ ಏಕೇಂದ್ರಿಯ ಜೀವಗಳ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುವುದು ಗೃಹಸ್ಥನಿಂದಾಗದು. ಆದ್ದರಿಂದಲೇ ಆಚಾರ್ಯರು ಅವನಿಗೆ ಭೋಗೋಪಭೋಗ ಪರಿಮಾಣವನ್ನು ವಿಧಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆದಕುವುದನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಬಿಸಿನೀರಿನ ಬುಗ್ಗೆಯಲ್ಲಿ ನೆಲ, ನೀರು, ಶಾಖ ಮೂರೂ ಒಂದೆಡೆ ಕೂಡಿವೆ. ಅಲ್ಲಿ ಮೀಯುವುದು, ಅಡುಗೆ ಮಾಡುವುದು, ಮನೆ ಬೆಚ್ಚಗಿಡುವುದು ಪ್ರಯೋಜನಕ್ಕಾಗಿ ಆದದ್ದು. ಬಳಸದೆ ಹರಿಯಬಿಟ್ಟದ್ದು ಅನರ್ಥದಂಡ. ರೋಟೊರುವಾದ ಬುಗ್ಗೆಗಳನ್ನು ಸೊರಗಿಸಿದ್ದರಲ್ಲಿ ಈ ಎರಡನೆಯದರ ಪಾಲೂ ಇತ್ತು.

ವ್ರತವೆಂದರೆ ಕೇವಲ ತನ್ನ ಆತ್ಮಶುದ್ಧಿಯ ಸಾಧನವೆಂದು ನಾವು ಭಾವಿಸುವುದುಂಟು. ನೆಲದಡಿಯ ನೀರು ಕಲಿಸುವ ಪಾಠ ಬೇರೆ: ಒಬ್ಬನ ಪರಿಮಾಣವು ಇನ್ನೊಬ್ಬನ ಬದುಕಿಗೆ ಆಧಾರ. ಬಿಸಿನೀರಿಗೆ ಸಲ್ಲುವ ಈ ಮಾತು ನಮ್ಮ ಊರುಗಳ ತಣ್ಣೀರಿಗೂ ಸಲ್ಲುತ್ತದೆ. ಬಸದಿಯ ಆವರಣದಲ್ಲಿ ಮತ್ತೊಂದು ಕೊಳವೆ ಬಾವಿ ಕೊರೆಸುವ ಮುನ್ನ, ಪಕ್ಕದ ಬಡವನ ಬಾವಿಯಲ್ಲಿ ನೀರೆಷ್ಟಿದೆಯೆಂದು ಆಡಳಿತ ಮಂಡಳಿಯವರು ಒಮ್ಮೆ ಇಣುಕಿ ನೋಡಲಿ. ಮಾಡಿನ ಮೇಲೆ ಬಿದ್ದ ಮಳೆನೀರನ್ನು ನೆಲಕ್ಕೆ ಮರಳಿಸಲಿ. ಅಭಿಷೇಕಕ್ಕೆ ಒಂದು ಕಲಶ ನೀರು ಸಾಕಾಗುವಲ್ಲಿ ನಲ್ಲಿಯನ್ನು ತೆರೆದಿಡದಿರುವುದೂ ಧರ್ಮಾಚರಣೆಯೇ ಆಗಿದೆ.