ನಾಳೆ ನೋಡೋಣ

ಹೆಗ್ಗನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಭಾವನವರ ಗ್ರಿಲ್ ಶೆಡ್ ಇದೆ. ಪೀಣ್ಯ ಹತ್ತಿರವಾದ್ದರಿಂದ ಸುತ್ತಲೂ ಲೇತ್, ವೆಲ್ಡಿಂಗ್ ಅಂಗಡಿಗಳೇ. 2021ರ ಏಪ್ರಿಲ್ ಕೊನೆಯಲ್ಲಿ, ಕೆಲಸದ ಹುಡುಗರೆಲ್ಲ ಊರಿಗೆ ಹೋಗಿ ಶೆಡ್ ಮುಚ್ಚಿದ್ದಾಗ, ಲೆಕ್ಕದ ಪುಸ್ತಕ ತರಲು ಹೋಗಿದ್ದೆ. ಷಟರ್ ಸದ್ದಿಗೆ ಒಬ್ಬ ಹುಡುಗ ಓಡಿಬಂದ.

"ಅಣ್ಣಾ, ಅಪ್ಪಂಗೆ ಸ್ಯಾಚುರೇಶನ್ 80ಕ್ಕೆ ಇಳಿದಿದೆ. ಎಲ್ಲೂ ಬೆಡ್ ಸಿಗ್ತಿಲ್ಲ. ನಿಮ್ಮತ್ರ ಗ್ಯಾಸ್ ಕಟಿಂಗ್ ಸಿಲಿಂಡರ್ ಇದ್ಯಂತಲ್ಲ, ಕೊಡ್ತೀರಾ?"

ಇತ್ತು. ಮೂಲೆಯಲ್ಲಿ, ತುಂಬಿದ್ದು, ಒಂದೇ ಒಂದು.

"ಅದು ಇಂಡಸ್ಟ್ರಿದಪ್ಪಾ, ಮನುಷ್ಯರಿಗೆ ಆಗಲ್ಲ. ಭಾವನ್ನ ಕೇಳ್ಬೇಕು. ನಾಳೆ ನೋಡೋಣ" ಎಂದೆ. ಅವನು ಮುಂದಿನ ಶೆಡ್ಡಿನ ಕಡೆ ಓಡಿದ. ಮತ್ತೆ ಬರಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಅಂಥ ಸಿಲಿಂಡರಿನೊಳಗೆ ಎಣ್ಣೆ, ಧೂಳು, ತುಕ್ಕು ಇರಬಹುದು. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಬೇರೆ. ಏಪ್ರಿಲ್ 22ರಿಂದ ಹೆಚ್ಚಿನ ಕೈಗಾರಿಕೆಗಳಿಗೆ ಆಕ್ಸಿಜನ್ ಕೊಡಬಾರದೆಂದು ಕೇಂದ್ರದ ಆದೇಶವಾಗಿತ್ತು. ಇದು ಹೋದರೆ ಇನ್ನೊಂದು ಸಿಗುವುದಿಲ್ಲ, ಅರ್ಧಕ್ಕೆ ನಿಂತ ಗೇಟು ಹಾಗೇ ಉಳಿಯುತ್ತದೆ. ಭಾವನವರ ನಂಬರು ಜೇಬಿನ ಫೋನಿನಲ್ಲೇ ಇತ್ತು. ನಿಜವನ್ನೇ ಅಡ್ಡ ಹಿಡಿದು ತಪ್ಪಿಸಿಕೊಂಡರೆ ಅದು ಸುಳ್ಳಿಗಿಂತ ಮೇಲೋ, ಕೀಳೋ?

ಆಮೇಲೆ ಒಂದು ಲೆಕ್ಕ ಹಾಕಿದೆ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹ ನಿಮಿಷಕ್ಕೆ ಬಳಸುವುದು ಸುಮಾರು 250 ಮಿಲಿಲೀಟರ್. ಆ ಲೆಕ್ಕದಲ್ಲಿ ಅದು ಹತ್ತೊಂಬತ್ತು ದಿನದ ಬದುಕು. ಮಾಸ್ಕಿನಲ್ಲಿ ನಿಮಿಷಕ್ಕೆ 10 ಲೀಟರ್ ಹರಿಸಿದರೆ ಹೆಚ್ಚಿನದು ಹೊರಗೇ ಹೋಗುತ್ತದೆ, ಹನ್ನೆರಡು ಗಂಟೆಯೊಳಗೆ ಖಾಲಿ. ಹನ್ನೆರಡು ಗಂಟೆಯೆಂದರೆ ಒಂದು ರಾತ್ರಿ. ನಾನು "ನಾಳೆ" ಎಂದದ್ದು ಆ ರಾತ್ರಿಯನ್ನೇ.

ಅನ್ನಕ್ಕೆ ನಾಳೆ ಎನ್ನಬಹುದು. ಉಂಡದ್ದು ಕೊಬ್ಬಾಗಿ ಕೂತಿರುತ್ತದೆ, ವಾರಗಟ್ಟಲೆ ಉಪವಾಸ ಮಾಡಿದವರಿದ್ದಾರೆ. ಆದರೆ ಆ ಕೊಬ್ಬನ್ನೂ ಅನ್ನವನ್ನೂ ಜೀವಕೋಶದೊಳಗೆ ಉರಿಸಿ ಶಕ್ತಿ ಮಾಡಿಕೊಳ್ಳಲು ಬೇಕಾದ ಆಕ್ಸಿಜನ್ನಿಗೆ ದೇಹದಲ್ಲಿ ಉಗ್ರಾಣವಿಲ್ಲ. ಶ್ವಾಸಕೋಶ, ರಕ್ತ ಎಲ್ಲ ಸೇರಿ ಇರುವುದು ಕೆಲವು ನಿಮಿಷಗಳಿಗಾಗುವಷ್ಟು. ಕೂಡಿಡುವುದು ದೇಹಕ್ಕೆ ಗೊತ್ತಿಲ್ಲ, ಶೆಡ್ಡಿಗೆ ಗೊತ್ತು. ಅನ್ನದಾನ, ವಿದ್ಯಾದಾನ ಎಂದು ಎಣಿಸುವ ನಮಗೆ ಉಸಿರನ್ನು ದಾನದ ಪಟ್ಟಿಗೆ ಸೇರಿಸಬೇಕೆಂದೇ ಹೊಳೆದಿರಲಿಲ್ಲ; ಗಾಳಿ ಯಾರದ್ದೂ ಆಗಿರಲಿಲ್ಲವಲ್ಲ.

ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಒಂದು ದಿನದೊಳಗೆ 24 ಸಾವು. ಮೇ 5ರಂದು ಹೈಕೋರ್ಟು ರಾಜ್ಯದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸಲು ಕೇಂದ್ರಕ್ಕೆ ಹೇಳಿತು. ಪೇಪರಿನಲ್ಲಿ ಅದನ್ನೆಲ್ಲ ಓದಿ ಸರ್ಕಾರವನ್ನು ಚೆನ್ನಾಗಿ ಬೈದೆ. ಟನ್ನುಗಳ ಬಗ್ಗೆ ಸಿಟ್ಟಾಗುವುದು ಸುಲಭ.

ಹಿಂದೆ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು, ದೆವ್ವ ಓದಿಕೊಂಡು ಹಿಂದಿರುಗಲಿ ಎಂದು. ನಾನು ಬರೆಯಲಿಲ್ಲ, ಬಾಯಲ್ಲೇ ಹೇಳಿದೆ.

ಜೂನ್ ಕೊನೆಗೆ ಹುಡುಗರು ಮರಳಿದರು. ಆ ಸಿಲಿಂಡರನ್ನೇ ಹಚ್ಚಿ ಗೇಟಿನ ಪ್ಲೇಟು ಕತ್ತರಿಸಿದರು. ಕೆಂಪಗೆ ಕಾದ ಕಬ್ಬಿಣದ ಮೇಲೆ ಆಕ್ಸಿಜನ್ ಬಿಟ್ಟರೆ ಕಬ್ಬಿಣವೇ ಉರಿದು ಕಿಡಿಯಾಗಿ ಸುರಿಯುತ್ತದೆ. ಮುಳ್ಳು ಸೊನ್ನೆಗೆ ಬಂದಾಗ ಭಾವ ಕೇಳಿದರು, "ಇದು ಯಾವಾಗಿಂದ ಇತ್ತೋ?"

"ಏಪ್ರಿಲ್‌ನಿಂದ" ಎಂದೆ.