ಮೊದಲು ಹಣ್ಣಾದ ಹುಳು

ರಾಮನಗರ, ಕನಕಪುರದ ಕಡೆ ರೇಷ್ಮೆ ಸಾಕುವವರ ಮನೆಯ ಈ ನೋಟ ನಿಮಗೆ ಪರಿಚಿತ. ಒಂದೇ ದಿನ ಮೊಟ್ಟೆಯೊಡೆದ ಹುಳುಗಳೆಲ್ಲವೂ ಒಂದೇ ಗಳಿಗೆಯಲ್ಲಿ ಹಣ್ಣಾಗುವುದಿಲ್ಲ. ಕೆಲವು ಮುಂಚೆಯೇ ಸೊಪ್ಪು ಬಿಟ್ಟು ತಲೆಯೆತ್ತುತ್ತವೆ. ಮನೆಯವರು ಅವನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ. ತಡವಾದರೆ ಹುಳು ಸಿಕ್ಕಲ್ಲಿ ನೂಲು ಸುರಿದು ಗೂಡು ಸೊರಗುತ್ತದೆ. ಹೀಗೆ ಆಯುವುದು ಉಳಿದ ಹುಳುಗಳಿಗೆ ಬಗೆದ ಅನ್ಯಾಯವೆಂದು ಯಾರೂ ಭಾವಿಸುವುದಿಲ್ಲ.

ಆದರೆ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಕುಳಿತು ಏಳನೆಯದರ ಲೆಕ್ಕ ಬಿಡಿಸಬಲ್ಲ ಮಗುವಿಗೆ ನಾವು ಹೇಳುವುದೇನು? ಕೈಕಟ್ಟಿ ಕುಳಿತಿರು ಎಂದು. ಕ್ರಮೇಣ ಆ ಮಗು ತಂಟೆಕೋರ ಎನಿಸಿಕೊಳ್ಳುತ್ತದೆ. ಇಲ್ಲವೇ ಪ್ರಶ್ನೆ ಕೇಳುವುದನ್ನೇ ಮರೆಯುತ್ತದೆ.

"ದೇವರೇ ಧಾರಾಳವಾಗಿ ಕೊಟ್ಟಿರುವಾಗ ನಾವೇಕೆ ಮತ್ತೆ ಕೊಡಬೇಕು? ಓದಲು ಬಾರದವರತ್ತ ಮೊದಲು ನೋಡಬಾರದೇ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಬ್ಬಿಬ್ಬರು ಶಿಕ್ಷಕರು ಐದು ತರಗತಿ ನಡೆಸುವಲ್ಲಿ ದುರ್ಬಲ ಮಗುವಿನ ಹಕ್ಕು ಮೊದಲನೆಯದು. ಆದರೆ ಪ್ರತಿಭೆ ಬೇಡುವುದು ಬಹುಮಾನವನ್ನಲ್ಲ, ಆಹಾರವನ್ನು. ಉಳ್ಳವರ ಮಗುವಿಗೆ ಬೆಂಗಳೂರಿನ ಶಾಲೆಯಿದೆ, ಮನೆಪಾಠವಿದೆ. ಮಾಗಡಿಯ ಕೂಲಿಕಾರರ ಮಗುವಿಗೆ, ಚನ್ನಪಟ್ಟಣದ ಗೊಂಬೆ ಕೆಲಸಗಾರರ ಮಗುವಿಗೆ ಊರ ಶಾಲೆಯೊಂದೇ ಬಾಗಿಲು. ಆದ್ದರಿಂದ ಇದೂ ಬಡವರ ಪರವಾದ ಮಾತೇ.

2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಕಲಂ ಮಗುವಿನ ಸಾಮರ್ಥ್ಯಗಳು ಪೂರ್ಣವಾಗಿ ಅರಳಬೇಕೆನ್ನುತ್ತದೆ. 1986ರ ಶಿಕ್ಷಣ ನೀತಿಯ ಫಲವಾದ ನವೋದಯ ವಿದ್ಯಾಲಯಗಳು ಕನಿಷ್ಠ ಶೇ 75 ಸ್ಥಾನಗಳನ್ನು ಗ್ರಾಮೀಣ ಮಕ್ಕಳಿಗೇ ಇಟ್ಟಿವೆ. ಆದರೆ ಅಲ್ಲಿ ಪ್ರವೇಶ ಆರನೇ ತರಗತಿಗೆ, ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ. ಉಳಿದವರ ಗತಿ? ದಾರಿ ನಮ್ಮ ನಾಡಲ್ಲೇ ಹುಟ್ಟಿತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಶಾಲೆಗಳಿಗೆ ಹರಡಿದ ನಲಿಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರಬಹುದಿತ್ತು. ನಿಧಾನದವರಿಗೆ ಅವಮಾನವಿಲ್ಲ, ಚುರುಕಿನವರಿಗೆ ತಡೆಯಿಲ್ಲ. ಆದರೆ ಆ ಏಣಿ ಮೂರನೇ ತರಗತಿಯಾಚೆ ಚಾಚಲಿಲ್ಲ.

ಅದು ಚಾಚುವವರೆಗೆ ನಾವು ಕಾಯುತ್ತ ಕೂರಬೇಕಿಲ್ಲ. ನಿಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದೀರಿ, ಕಾಲೇಜಿನಲ್ಲಿ ಓದುವ ಮಕ್ಕಳಿದ್ದಾರೆ. ವಾರಕ್ಕೊಂದು ಗಂಟೆ, ಒಂದೆರಡು ಪುಸ್ತಕ, ಪ್ರಶ್ನೆಗೆ ಗದರದೆ ಕಿವಿಗೊಡುವ ತಾಳ್ಮೆ ಸಾಕು. ಮಗುವನ್ನು ಮೆರವಣಿಗೆ ಮಾಡಬೇಡಿ; ಜೊತೆಯವರಿಂದ ಬೇರ್ಪಡಿಸಲೂ ಬೇಡಿ.

ತನ್ನ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಸಾಮತಿ ನಮಗೆಲ್ಲ ತಿಳಿದಿದೆ. ಮಗುವಿನ ತಲಾಂತನ್ನು ನಾವು ಹಿರಿಯರೇ ಹೂತಿಟ್ಟರೆ, ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾದವರು ಯಾರು?