ಬೇರಿಂಗ್ ಕರೆ

ಅಂಚೆಯವರ ಭಾಷೆಯಲ್ಲಿ ‘ಬೇರಿಂಗ್’ ಎಂಬ ಶಬ್ದವೊಂದುಂಟು. ನನ್ನ ಪ್ರಾಯದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಚೆಚೀಟಿ ಅಂಟಿಸದೆ, ಇಲ್ಲವೇ ತೂಕಕ್ಕೆ ತಕ್ಕಷ್ಟು ಅಂಟಿಸದೆ ಡಬ್ಬಕ್ಕೆ ಹಾಕಿದ ಕಾಗದ ಬೇರಿಂಗ್ ಆಗಿ ಬರುತ್ತಿತ್ತು. ಕಡಿಮೆಬಿದ್ದ ಹಣದ ಎರಡರಷ್ಟನ್ನು ಪಡೆಯುವವರು ತೆತ್ತು ಬಿಡಿಸಿಕೊಳ್ಳಬೇಕು. ಬೇಡವೆಂದರೆ ಹಿಂದಕ್ಕೆ ಕಳುಹಿಸಬಹುದು. ಪೋಸ್ಟ್‌ಮ್ಯಾನ್ ಅಂಗಳದಲ್ಲಿ ನಿಂತು “ಬೇರಿಂಗ್ ಉಂಟು, ಬಿಡಿಸಿಕೊಳ್ತೀರಾ?” ಎಂದು ಕೇಳಿದಾಗ ಮನೆಯೊಳಗೆ ಸಣ್ಣದೊಂದು ಸಭೆಯೇ ನಡೆಯುತ್ತಿತ್ತು. ಬರೆದವರು ಯಾರು, ಒಳಗೆ ಏನಿದ್ದೀತು, ದುಡ್ಡು ಕೊಡುವುದೋ ಬಿಡುವುದೋ? ಕೊನೆಗೆ ಬಿಡಿಸಿಕೊಳ್ಳದೆ ಉಳಿದವರನ್ನು ಮಾತ್ರ ನಾನು ನೋಡಿಲ್ಲ. ಬರೆದವರ ಜಿಪುಣತನಕ್ಕೆ ಬೈದುಕೊಂಡೇ ದುಡ್ಡು ಕೊಡುತ್ತಿದ್ದರು.

ಮರೆತೇಹೋಗಿದ್ದ ಈ ಶಬ್ದ ನನಗೆ ಮತ್ತೆ ನೆನಪಾದದ್ದು ಶಾರ್ಜಾದಲ್ಲಿ. ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಲ್ಲಿದ್ದೆ. ಕೈಯಲ್ಲಿದ್ದದ್ದು ಊರಿನ ಪ್ರೀಪೇಯ್ಡ್ ಮೊಬೈಲು. “ಇಲ್ಲಿಯದೊಂದು ಸಿಮ್ ಹಾಕಿಕೊಳ್ಳಮ್ಮ” ಎಂದು ಮಗಳು ಹೇಳಿದಳು. ಆದರೆ ಬಿಕರ್ನಕಟ್ಟೆಯ ಮನೆಯಲ್ಲಿ ಎಂಬತ್ತು ದಾಟಿದ ನನ್ನ ಅಮ್ಮ ಇದ್ದಳು. ನಮ್ಮವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಬಾಯಿಪಾಠ ಬರುವುದು ನನ್ನ ಒಂದೇ ನಂಬರು. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ನಾನಿದ್ದಾಗ ಅಲ್ಲಿ ವಾಟ್ಸಾಪಿನಲ್ಲಿ ಬರೆದು ಕಳುಹಿಸಬಹುದಿತ್ತು, ಮಾತಾಡಲು ಬರುತ್ತಿರಲಿಲ್ಲ. ಆ ದೇಶದ ನಿಯಮ ಹಾಗೆ. ಅಮ್ಮನ ಹತ್ತಿರ ಇದ್ದುದಾದರೂ ಗುಂಡಿ ಒತ್ತುವ ಸಣ್ಣ ಫೋನು. ಹಾಗಾಗಿ ಹೊರಡುವ ಮೊದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದೆ. ಮಾಡುವ ಕರೆ, ಬರುವ ಕರೆ ಎರಡೂ ಸೇರಿ 30 ದಿನಕ್ಕೆ 100 ನಿಮಿಷ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳಲ್ಲವೇ, ಭಾಗಿಸಿ ನೋಡಿದೆ: ದಿನಕ್ಕೆ 3 ನಿಮಿಷ 20 ಸೆಕೆಂಡು.

ಬರುವ ಕರೆಗೂ ಯಾಕೆ ಲೆಕ್ಕ ಎಂದು ನೀವು ಕೇಳಬಹುದು. ವಿಷಯ ಹೀಗೆ. ಕುಲಶೇಖರದಿಂದ ಯಾರೋ ನನಗೆ ಕರೆ ಮಾಡುತ್ತಾರೆ ಎನ್ನಿ. ನಾನು ಶಾರ್ಜಾದಲ್ಲಿರುವುದು ಅವರಿಗೆ ಗೊತ್ತಿಲ್ಲ. ಅವರು ಒತ್ತಿದ್ದು ಊರಿನ ನಂಬರು, ಅವರಿಗೆ ತಗಲುವುದು ಊರಿನ ದರ. ಕರೆ ಮೊದಲು ನಮ್ಮ ದೇಶದ ಕಂಪೆನಿಗೆ ಹೋಗುತ್ತದೆ. ಆ ಕಂಪೆನಿ ನಾನಿರುವ ಜಾಗ ಹುಡುಕಿ, ಸಮುದ್ರ ದಾಟಿಸಿ, ಪರದೇಶದ ಕಂಪೆನಿಯ ಮೂಲಕ ನನ್ನ ಕೈಗೆ ತಲುಪಿಸುತ್ತದೆ. ಆ ದಾಟಿಸಿದ ಖರ್ಚು ಯಾರದು? ಕರೆದವರಿಗೆ ತಿಳಿಯದ ದೂರಕ್ಕೆ ಅವರಿಂದ ಹಣ ಕೇಳುವುದು ನ್ಯಾಯವಲ್ಲ. ದೂರ ಹೋದವಳು ನಾನು, ಕೊಡಬೇಕಾದವಳೂ ನಾನೇ. ಹಾಗೆ ಶಾರ್ಜಾದಲ್ಲಿ ನನಗೆ ಬಂದ ಕರೆಗಳೆಲ್ಲ ಬೇರಿಂಗ್ ಕರೆಗಳಾದವು. ಅಂಕಪಟ್ಟಿಯಲ್ಲಿ ಮಗನ ಹೆಸರು ತಪ್ಪಿದೆಯೆಂದು ವಿಚಾರಿಸಿದ ತಂದೆ, ಸಾಲ ಬೇಕೇ ಎಂದು ಕೇಳಿದ ಅಪರಿಚಿತ ಹುಡುಗಿ, ಹಲಸಿನ ಹಣ್ಣು ಬಿದ್ದು ಹಾಳಾಗುತ್ತಿದೆ ಎಂದ ನೆರೆಯವರು, ಎಲ್ಲರೂ ನನ್ನ ನಿಮಿಷಗಳನ್ನೇ ಉಂಡರು. ಗುರುತಿಲ್ಲದ ನಂಬರನ್ನು ಎತ್ತದಿರೋಣವೆಂದರೆ, ಅಮ್ಮನಿಗೇ ಏನಾದರೂ ಆಗಿ ಬೇರೆಯವರು ಕರೆದಿದ್ದರೆ? ಬೇರಿಂಗ್ ಕಾಗದ ಬಿಡಿಸಿಕೊಂಡ ಹಿರಿಯರ ಸಂಕಟ ಆಗ ಅರ್ಥವಾಯಿತು.

ದೂರದ ಖರ್ಚನ್ನು ಯಾರು ಹೊರಬೇಕು ಎಂಬುದು ಹಳೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ 1840ರವರೆಗೆ ಕಾಗದದ ಹಣವನ್ನು ಹೆಚ್ಚಾಗಿ ಪಡೆಯುವವರೇ ಕೊಡಬೇಕಿತ್ತು, ಅದೂ ದೂರ ನೋಡಿ. ಆ ಕಾಲದ್ದೆಂದು ಹೇಳುವ ಕತೆಯೊಂದುಂಟು. ಬಡ ಹುಡುಗಿಯೊಬ್ಬಳಿಗೆ ಕಾಗದ ಬಂತು. ಅವಳು ಲಕೋಟೆಯನ್ನು ತಿರುಗಿಸಿ ನೋಡಿ, ದುಡ್ಡಿಲ್ಲವೆಂದು ಹಿಂದೆ ಕೊಟ್ಟಳು. ಒಳಗೆ ಏನೂ ಬರೆದಿರಲಿಲ್ಲವಂತೆ. ಕ್ಷೇಮವೆಂದು ತಿಳಿಸುವ ಗುರುತು ಮೇಲೆಯೇ ಇತ್ತು. ಕತೆ ನಿಜವೋ ಕಟ್ಟಿದ್ದೋ, ರೋಲೆಂಡ್ ಹಿಲ್ ಎಂಬವನ ಪ್ರಯತ್ನದಿಂದ 1840ರಲ್ಲಿ ಕಳುಹಿಸುವವನೇ ಮೊದಲು ಕೊಡುವ ಒಂದು ಪೆನ್ನಿಯ ಅಂಚೆ ಬಂದದ್ದು ನಿಜ. ನಮ್ಮಲ್ಲಿ 1854ರಲ್ಲಿ ಕಾಲು ತೊಲೆಯ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ ಎಂದಾಯಿತು. ಮೊಬೈಲು ಅದೇ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲಿ ಕರೆದವರಿಗೂ ಖರ್ಚು, ಎತ್ತಿದವರಿಗೂ ಖರ್ಚು. 2003ರಲ್ಲಿ ಬರುವ ಕರೆ ಉಚಿತವಾಯಿತು. ಯುರೋಪಿಯನ್ ಒಕ್ಕೂಟದವರು 2017ರ ಜೂನ್‌ನಲ್ಲಿ ತಮ್ಮ ದೇಶಗಳೊಳಗೆ ರೋಮಿಂಗ್ ಶುಲ್ಕವನ್ನೇ ತೆಗೆದುಹಾಕಿದರು.

ಇವೆಲ್ಲ ಹಣದ ಖರ್ಚಿನ ಮಾತಾಯಿತು. ದೂರಕ್ಕೆ ಇನ್ನೊಂದು ಖರ್ಚೂ ಉಂಟು. ಅದನ್ನು ಯಾವ ಮೀಟರೂ ತೋರಿಸುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬಿಕರ್ನಕಟ್ಟೆ, ಕೈಕಂಬ, ಕುಲಶೇಖರ, ಮರೋಳಿ, ಯಾವ ಬೀದಿಗೆ ಹೋದರೂ ಗಲ್ಫಿಗೆ ಯಾರೂ ಹೋಗದ ಮನೆ ಅಪರೂಪ. ಬಾಲಯೇಸುವಿನ ಕ್ಷೇತ್ರದ ಜನವರಿಯ ಹಬ್ಬಕ್ಕೆ ಬರುವವರಲ್ಲಿ ರಜೆ ಹಾಕಿ ಅಲ್ಲಿಂದಲೇ ಬಂದವರಿರುತ್ತಾರೆ. ಬಜ್ಪೆಯಿಂದ ನೇರವಾಗಿ ದುಬೈಗೆ ವಿಮಾನ ಹಾರಲು ತೊಡಗಿದ್ದು 2006ರಲ್ಲಿ. ಅದಕ್ಕೂ ಮೊದಲು ಮುಂಬೈ ಸುತ್ತಿ ಹೋದ ಹುಡುಗರ ದನಿ ಮನೆಯವರಿಗೆ ಕೇಳುತ್ತಿದ್ದುದು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಹೆಚ್ಚಾಗಿ ಅವರ ರಜಾದಿನವಾದ ಶುಕ್ರವಾರ. ಮನೆಯಲ್ಲಿ ಫೋನಿಲ್ಲದವರು ವಿಳಾಸದ ಕೆಳಗೆ ಪಿ.ಪಿ. ಎಂದು ಪಕ್ಕದ ಮನೆಯ ನಂಬರು ಕೊಡುತ್ತಿದ್ದರು. ಕರೆ ಬಂದಾಗ ಪಕ್ಕದ ಮನೆಯಾಕೆ ಒಲೆಯ ಮೇಲಿನ ಸಾರು ಬಿಟ್ಟು ಗೋಡೆಯ ಬಳಿಗೆ ಓಡಿ ಬಂದು ಕೂಗಬೇಕು. ತಾಯಿಯೋ ಹೆಂಡತಿಯೋ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಬೇಕು. ಪರರ ಮನೆಯ ಚಾವಡಿಯಲ್ಲಿ, ಪರರ ಕಿವಿಯ ಎದುರು, ಗಂಡನೊಡನೆ ಏನನ್ನು ತಾನೇ ಮಾತಾಡುವುದು? “ಹೂಂ, ಹೂಂ, ಎಲ್ಲ ಸೌಖ್ಯ” ಎನ್ನುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಆ ಕರೆಯ ಹಣವನ್ನು ಅಲ್ಲಿದ್ದವನು ಕೊಟ್ಟ. ಕಾದ ಹೊತ್ತು, ನುಂಗಿಕೊಂಡ ಮಾತು, ಪಕ್ಕದ ಮನೆಯಾಕೆಯ ಓಡಾಟ, ಇವುಗಳ ಬಿಲ್ಲನ್ನು ಇಲ್ಲಿಯ ಹೆಂಗಸರು ಕೊಟ್ಟರು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿ ದೂರವಾಣಿ ಕಡಿದುಹೋದಾಗ ಈ ಬಿಲ್ಲು ಎಷ್ಟೇರಿತೆಂದು ಆ ದಿನಗಳನ್ನು ಕಂಡವರೇ ಹೇಳಬೇಕು. ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ಅಮ್ಮಾನಿನ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಅವರು ಬಂದಿಳಿಯುವವರೆಗೆ ಮನೆಯವರ ಪಾಲಿಗೆ ಬದುಕಿದ್ದಾರೆಂಬ ಒಂದು ಸುದ್ದಿಗೆ ಯಾವ ದರವೂ ಹೆಚ್ಚಾಗಿರಲಿಲ್ಲ.

ಇನ್ನು ನನ್ನ ನೂರು ನಿಮಿಷಕ್ಕೆ ಬರುತ್ತೇನೆ. ಅದನ್ನು ಉಳಿಸಲು ನಾನೂ ಅಮ್ಮನೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ದಿನಾ ಬೆಳಿಗ್ಗೆ ಏಳೂವರೆಗೆ, ಅಲ್ಲಿಯ ಆರು ಗಂಟೆಗೆ, ಅಮ್ಮ ಎರಡು ರಿಂಗ್ ಕೊಟ್ಟು ಇಡಬೇಕು. ಎರಡು ರಿಂಗ್ ಎಂದರೆ ‘ಸೌಖ್ಯ’. ನಿಲ್ಲಿಸದೆ ಹೊಡೆದರೆ ‘ಎತ್ತು, ಮಾತಾಡಲಿಕ್ಕುಂಟು’. ಲಕೋಟೆಯ ಮೇಲೆ ಗುರುತು ನೋಡಿದ ಆ ಹುಡುಗಿಯ ಉಪಾಯವೇ ಇದು. ಇದು ಕಂಪೆನಿಗೆ ಮೋಸವಲ್ಲವೇ ಎಂದು ಮಗಳು ನಗೆಯಾಡಿದಳು. ಮಕ್ಕಳಿಗೆ ನೀತಿಪಾಠ ಹೇಳುವವಳಾದ್ದರಿಂದ ನಾನು ಯೋಚಿಸಿಯೇ ಉತ್ತರ ಕೊಟ್ಟೆ. ಎತ್ತದ ಕರೆಗೆ ದುಡ್ಡಿಲ್ಲ ಎಂಬ ನಿಯಮ ಮಾಡಿದವರು ಅವರೇ. ಒಳಗೆ ಹೋದರೆ ಬಾಡಿಗೆ ಕೇಳಬಹುದು, ಬಾಗಿಲು ತಟ್ಟಿದ್ದಕ್ಕೆ ಕೇಳಲಾಗದು. ಅದರಲ್ಲಿ ನನಗೆ ಅಧರ್ಮ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ತಿಂಗಳಿಡೀ ಒಂದು ದಿನವೂ ಆ ಎರಡು ರಿಂಗ್ ತಪ್ಪಲಿಲ್ಲ. ಅದು ಕೇಳಿದ ಮೇಲೆಯೇ ನಾನು ಮಗುವಿಗೆ ಎಣ್ಣೆ ಹಚ್ಚಲು ಕೂರುತ್ತಿದ್ದುದು. ಊರಿಗೆ ಮರಳಿದ ಮರುದಿನ ಕಪಾಟಿನಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿಗಳು ಕಂಡವು. ಪಕ್ಕದ ಮನೆಯ ಬಾಯಿಯನ್ನು ಕೇಳಿದೆ. ಅವರು ತುಸು ಹೊತ್ತು ತಡವರಿಸಿ ಹೇಳಿಯೇಬಿಟ್ಟರು. ಅಮ್ಮನಿಗೆ ಆರು ದಿನ ವಿಪರೀತ ಜ್ವರ ಬಂದಿತ್ತು. ರಿಕ್ಷಾದಲ್ಲಿ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದವರು, ಗಂಜಿ ಮಾಡಿ ಕೊಟ್ಟವರು, ಎರಡು ರಾತ್ರಿ ಬಂದು ಮಲಗಿದವರು ಆ ಬಾಯಿ. “ನಿಮಗೆ ಹೇಳಬಾರದೆಂದು ಆಣೆ ಹಾಕಿಸಿದರು ಟೀಚರೇ, ನಾನು ಎಂತ ಮಾಡುವುದು?” ಎಂದರು. ಆ ಆರು ದಿನವೂ ಬೆಳಿಗ್ಗೆ ಮಲಗಿದಲ್ಲಿಂದಲೇ ಫೋನು ಕೇಳಿ ತೆಗೆದುಕೊಂಡು, ಅಮ್ಮ ‘ಸೌಖ್ಯ’ದ ಎರಡು ರಿಂಗ್ ಕೊಟ್ಟಿದ್ದಳು.

ನಾನು ಸಿಟ್ಟಿನಿಂದಲೇ ಅಮ್ಮನನ್ನು ಕೇಳಿದೆ. ಅವಳು ತಣ್ಣಗೆ ಹೇಳಿದಳು: “ನಿನಗೆ ಹೇಳಿದ್ದರೆ ನೀನು ಎಂತ ಮಾಡುತ್ತಿದ್ದೆ ಮಗಾ? ಅಲ್ಲಿ ಹಸಿ ಬಾಣಂತಿ, ಎಳೆ ಮಗು. ಬಿಟ್ಟು ಬರಲಿಕ್ಕಾಗುತ್ತಿತ್ತಾ? ಬರದಿದ್ದರೆ ನಿದ್ದೆ ಬರುತ್ತಿತ್ತಾ? ಅದಲ್ಲದೆ ನಿನ್ನ ದುಡ್ಡೂ ಹೋಗುತ್ತಿತ್ತು. ಜ್ವರ ನನ್ನದು, ನಾನೇ ಅನುಭವಿಸಿದೆ.”

ಈ ಮಾತಿಗೆ ಎದುರಾಡುವುದು ಸುಲಭವಲ್ಲ. ಸುಳ್ಳಿನಿಂದ ಅಮ್ಮನಿಗೆ ಸಿಕ್ಕಿದ್ದು ಏನೂ ಇಲ್ಲ. ಲಾಭವೆಲ್ಲ ನನ್ನದು, ನಷ್ಟವೆಲ್ಲ ಅವಳದು. ತನಗೆ ಲಾಭವಿಲ್ಲದ ಸುಳ್ಳನ್ನು ಸುಳ್ಳೆನ್ನಬಹುದೇ? ನಮ್ಮ ಹೆಂಗಸರು ಇದನ್ನೇ ತ್ಯಾಗವೆಂದು ಕಲಿತು ಕಲಿಸಿದವರು. ಅಲ್ಲಿ ಶಾರ್ಜಾದ ಅಂಗಡಿಯೊಂದರಲ್ಲಿ ನಮ್ಮ ಬೆಳ್ತಂಗಡಿ ಕಡೆಯ ಹುಡುಗನೊಬ್ಬನ ಪರಿಚಯವಾಗಿತ್ತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುತ್ತಾರೆ. “ಮನೆಯಲ್ಲಿ ನಂದೇ ರೂಮು, ಏಸಿ ಉಂಟು ಎಂದು ಹೇಳಿದ್ದೇನೆ ಟೀಚರೇ. ನಿಜ ಹೇಳಿದರೆ ಅಮ್ಮ ಊಟ ಬಿಟ್ಟಾರು” ಎಂದಿದ್ದ. ಅಂದರೆ ಅಲ್ಲಿಂದ ಇಲ್ಲಿಗೆ ಒಂದು ‘ಸೌಖ್ಯ’, ಇಲ್ಲಿಂದ ಅಲ್ಲಿಗೆ ಒಂದು ‘ಸೌಖ್ಯ’. ನಡುವೆ ಸಮುದ್ರ. ಎರಡು ಕಡೆಯವರೂ ಪ್ರೀತಿಯಿಂದಲೇ ಹೇಳುವ ಈ ಮಾತಿನಿಂದ ಕೊನೆಗೆ ಯಾರಿಗೂ ಯಾರ ಸುದ್ದಿಯೂ ಗೊತ್ತಿಲ್ಲದಂತಾಗುತ್ತದೆ.

ಆದರೂ ಅಮ್ಮನ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಓಡಿ ಬರಲು ನನಗೆ ಆಗುತ್ತಿರಲಿಲ್ಲ, ನಿಜ. ಆದರೆ ಮಾಡಬಹುದಾದದ್ದು ಅದೊಂದೇ ಆಗಿತ್ತೇ? ಡಾಕ್ಟರರೊಡನೆ ಮಾತಾಡಬಹುದಿತ್ತು. ರಾತ್ರಿ ಮಲಗಲು ಬೇರೆ ಯಾರನ್ನಾದರೂ ಗೊತ್ತುಮಾಡಿ ಆ ಬಾಯಿಯ ಭಾರ ಇಳಿಸಬಹುದಿತ್ತು. ಏನೂ ಆಗದಿದ್ದರೂ, ಚಿಂತೆಯನ್ನಾದರೂ ಪಡಬಹುದಿತ್ತು. ತಾಯಿಗೆ ಜ್ವರ ಬಂದಾಗ ಮಗಳು ಪಡುವ ಚಿಂತೆ ವ್ಯರ್ಥ ಖರ್ಚಲ್ಲ. ಅದು ಅವಳ ಪಾಲು. ಆ ಪಾಲನ್ನು ನನಗೆ ತಿಳಿಸದೆ ಅಮ್ಮ ಒಬ್ಬಳೇ ಕಟ್ಟಿಬಿಟ್ಟಳು. ಮೇಲಾಗಿ, ಆ ಬೆಳಗಿನ ಎರಡು ರಿಂಗನ್ನು ಇನ್ನು ಮುಂದೆ ನಾನು ಹೇಗೆ ನಂಬಲಿ? ಒಮ್ಮೆ ಹುಸಿಯಾದ ‘ಸೌಖ್ಯ’ ನಿಜವಾಗಿ ಸೌಖ್ಯವಿರುವ ದಿನವೂ ಅನುಮಾನವನ್ನೇ ತರುತ್ತದೆ. ಇದು ಅಮ್ಮ ಲೆಕ್ಕಕ್ಕೆ ಹಿಡಿಯದ ನಷ್ಟ.

ಬೇರಿಂಗ್ ಕಾಗದವನ್ನು ನಾವು ಬೈದದ್ದು ಅದು ನಮ್ಮಿಂದ ದುಡ್ಡು ಕೇಳಿತೆಂದು. ಈಗ ಯೋಚಿಸಿದರೆ ಅದರಲ್ಲೊಂದು ಮರ್ಯಾದೆ ಇತ್ತು ಅನ್ನಿಸುತ್ತದೆ. ಅದು ಬಾಗಿಲಲ್ಲಿ ನಿಂತು ಕೇಳುತ್ತಿತ್ತು: ಇಷ್ಟು ಭಾರ ಉಂಟು, ಹೊರುತ್ತೀರಾ? ಹೊರುವುದೂ ಬಿಡುವುದೂ ನಮ್ಮ ತೀರ್ಮಾನ. ಪ್ರೀತಿಸುವವರು ಪರಸ್ಪರ ಕೊಡಬೇಕಾದ ಗೌರವ ಇದೇ ಎಂದು ನನ್ನ ಭಾವನೆ. ದೂರದ ಖರ್ಚನ್ನು ಯಾವ ಕಂಪೆನಿಯೂ ಪೂರ್ತಿ ಇಳಿಸಲಾರದು. ಇಬ್ಬರಲ್ಲಿ ಯಾರು ಎಷ್ಟು ಹೊರಬೇಕೆಂಬುದನ್ನು ಇಬ್ಬರೂ ಕೂಡಿ ಹೇಳಬೇಕು. ಒಬ್ಬರೇ ಎಲ್ಲ ಹೊತ್ತು, ಇನ್ನೊಬ್ಬರಿಗೆ ತಿಳಿಸದಿರುವುದು ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ ನ್ಯಾಯವಲ್ಲ.

ಬರುವ ಡಿಸೆಂಬರಿನಲ್ಲಿ ಮಗುವನ್ನು ನೋಡಲು ಬರಬೇಕೆಂದು ಮಗಳು ಒತ್ತಾಯಿಸುತ್ತಿದ್ದಾಳೆ. ರಜೆ ಸಿಕ್ಕುವುದು ಹತ್ತೇ ದಿನ. ಹೋಗುವುದಾದರೆ ಒಪ್ಪಂದ ಬದಲಾಗಬೇಕೆಂದು ಅಮ್ಮನಿಗೆ ಹೇಳಿದ್ದೇನೆ. ಎರಡು ರಿಂಗ್ ಇನ್ನು ಬೇಡ. ದಿನಾ ನಾನೇ ಕರೆ ಮಾಡುತ್ತೇನೆ, 3 ನಿಮಿಷ. ಅವಳು ಮೊದಲು ಮೈಯ ಸುದ್ದಿ ಹೇಳಬೇಕು, ಹಲಸು ಬಾಳೆಯ ಸುದ್ದಿ ಆಮೇಲೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಮೂರು ನಿಮಿಷಕ್ಕೆ ಎಷ್ಟಾಗುತ್ತದೆ?” ಎಂದು ಕೇಳಿದಳು. ಎಷ್ಟೆಂದು ಹೇಳಿದೆ. ಅವಳು ಇನ್ನೂ ಒಪ್ಪಿಲ್ಲ.